ಸಾರ ಇಂಗ್ಲಿಷಿಗೆ, ಹಿಪ್ಪೆ ಕನ್ನಡಕ್ಕೆ?



ಹೊಸಪೇಟೆಯಿಂದ ಬಳ್ಳಾರಿ ರಸ್ತೆ ಹಿಡಿದು ಹೊರಡಿ. ಗಾದಿಗನೂರು ದಾಟಿದ ಮೇಲೆ ಆಕಾಶಕ್ಕೆ ಎದ್ದುನಿಂತ ಚಿಮಣಿಗಳು ಕಾಣಿಸುತ್ತವೆ. ಅದೇ ತೋರಣಗಲ್ಲು. 1971ರಲ್ಲಿ ಅಂದಿನ ಪ್ರಧಾನಿ ಇಂದಿರಾ ಗಾಂಧಿ ಇಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಕಾರ್ಖಾನೆ ನಿಜವಾಗಿ ತಲೆಯೆತ್ತಿದ್ದು 1990ರ ದಶಕದಲ್ಲಿ, ಖಾಸಗಿಯವರ ಕೈಯಲ್ಲಿ. ಇಂದು ಇಲ್ಲಿಯ ಚಹಾದ ಅಂಗಡಿಯಲ್ಲಿ ಹತ್ತು ನಿಮಿಷ ಕೂತರೆ ಕನ್ನಡ, ತೆಲುಗು, ಉರ್ದು, ಹಿಂದಿ, ಒಡಿಯಾ ಎಲ್ಲವೂ ಕಿವಿಗೆ ಬೀಳುತ್ತವೆ. ದೇಶದ ಮೂಲೆಮೂಲೆಯಿಂದ ಜನ ದುಡಿಯಲು ಬಂದ ಊರು ಇದು.

ಇಂಥ ಕಡೆ ಒಂದು ದೊಡ್ಡ ಕಾರ್ಖಾನೆ ಬರಬೇಕಾದರೆ, ಇದ್ದದ್ದು ಹಿಗ್ಗಬೇಕಾದರೆ, ಗಣಿ ತೆರೆಯಬೇಕಾದರೆ ಕಾನೂನು ಏನು ಹೇಳುತ್ತದೆ ಗೊತ್ತೇ? 2006ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಪರಿಸರ ಪರಿಣಾಮದ ಅಂದಾಜಿನ ಬಗ್ಗೆ ಒಂದು ಅಧಿಸೂಚನೆ ಹೊರಡಿಸಿತು. ಅದರ ಪ್ರಕಾರ ಇಂಥ ಬಹುತೇಕ ದೊಡ್ಡ ಯೋಜನೆಗಳಿಗೆ ಅಲ್ಲಿಯ ಜನರ ಎದುರು ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ಯೋಜನೆಯ ವರದಿಯನ್ನು ಜನ ನೋಡುವಂತೆ ಇಡಬೇಕು. ವರದಿ ಎಂದರೆ ನೂರಾರು ಪುಟದ ಇಂಗ್ಲಿಷ್ ಗ್ರಂಥ. ಅದರ ಜೊತೆಗೆ ಒಂದು ಸಾರಾಂಶ ಇರಬೇಕು. ಹೆಚ್ಚೆಂದರೆ ಎ-4 ಅಳತೆಯ 10 ಪುಟ. ಇಂಗ್ಲಿಷಿನಲ್ಲೂ ಇರಬೇಕು, ಆ ನೆಲದ ಭಾಷೆಯಲ್ಲೂ ಇರಬೇಕು.

ಯೋಚಿಸಿ ನೋಡಿ. ಸಂಡೂರು ತಾಲ್ಲೂಕಿನ ಒಬ್ಬ ರೈತನಿಗೆ, ಒಬ್ಬ ಕೂಲಿ ಹೆಣ್ಣುಮಗಳಿಗೆ ಆ ನೂರಾರು ಪುಟದ ಇಂಗ್ಲಿಷ್ ಗ್ರಂಥ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವರ ನೀರು, ಅವರ ಗಾಳಿ, ಅವರ ಹೊಲ, ಅವರ ಮಕ್ಕಳ ಕೆಲಸ ಎಲ್ಲವೂ ಅವರ ಪಾಲಿಗೆ ಆ ಹತ್ತು ಪುಟದ ಕನ್ನಡದಲ್ಲಿದೆ. ಆ ಹತ್ತು ಪುಟ ಅರ್ಥವಾದರೆ ಪ್ರಶ್ನೆ ಕೇಳಬಹುದು. ಅರ್ಥವಾಗದಿದ್ದರೆ ಚಪ್ಪರದ ಕೆಳಗೆ ಕೂತು ಎದ್ದು ಬರಬಹುದು, ಅಷ್ಟೇ.

ಈಗ ಇನ್ನೊಂದು ದಿಕ್ಕಿಗೆ ತಿರುಗಿ. ಅದೇ ಹೊಸಪೇಟೆಯಿಂದ ಹಂಪಿಯ ಕಡೆಗೆ ಹೋದರೆ ಕಮಲಾಪುರದ ಹತ್ತಿರ ವಿದ್ಯಾರಣ್ಯ. ಅಲ್ಲಿ ನಮ್ಮ ಕನ್ನಡ ವಿಶ್ವವಿದ್ಯಾಲಯ. 1991ರಲ್ಲಿ ಹುಟ್ಟಿತು. ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ಕನ್ನಡದಲ್ಲೇ ಸಂಶೋಧನೆ, ಕನ್ನಡದಲ್ಲೇ ಪಿಎಚ್.ಡಿ. ಎಂದು ಎದೆ ತಟ್ಟಿ ಹೇಳುವ ಜಾಗ. ಅಲ್ಲಿ ಮಾತ್ರವಲ್ಲ, ಧಾರವಾಡ, ಮೈಸೂರು, ಬೆಂಗಳೂರು, ಕಲಬುರಗಿಯ ಕನ್ನಡ ವಿಭಾಗಗಳಲ್ಲೂ ವರ್ಷವರ್ಷ ಕನ್ನಡದ ಮಹಾಪ್ರಬಂಧಗಳು ಬರುತ್ತಿವೆ. ಮುನ್ನೂರು, ನಾನೂರು ಪುಟದ ಗ್ರಂಥಗಳು. ಇವುಗಳಿಗೂ ಒಂದು ಸಾರಾಂಶ ಬೇಕು. ಆ ಒಂದು ಪುಟವನ್ನು ಹೊರಗಿನ ಸೂಚಿಗಳು, ಪತ್ರಿಕೆಗಳು, ವಿಚಾರ ಸಂಕಿರಣಗಳು ಯಾವ ಭಾಷೆಯಲ್ಲಿ ಕೇಳುತ್ತವೆ? ಹೆಚ್ಚಿನ ಕಡೆ ಇಂಗ್ಲಿಷಿನಲ್ಲಿ!

ನೋಡಿ ಈ ತಮಾಷೆ. ತೋರಣಗಲ್ಲಿನಲ್ಲಿ ಗ್ರಂಥ ಇಂಗ್ಲಿಷು, ಸಾರ ಕನ್ನಡ. ಗ್ರಂಥ ಓದಲಾಗದ ಕನ್ನಡಿಗ ಸಾರವನ್ನು ನಂಬಿ ಕೂರಬೇಕು. ವಿಶ್ವವಿದ್ಯಾಲಯದಲ್ಲಿ ಗ್ರಂಥ ಕನ್ನಡ, ಸಾರ ಇಂಗ್ಲಿಷು. ಕನ್ನಡದ ಗ್ರಂಥಕ್ಕೆ ಕನ್ನಡದ ಬಾಗಿಲೇ ಇಲ್ಲ. ಎರಡೂ ಕಡೆ ಪೆಟ್ಟು ತಿನ್ನುವವನು ಒಬ್ಬನೇ. ಅವನು ಕನ್ನಡದ ಓದುಗ. ಹೆಸರಿನಲ್ಲೇ ತೋರಣ ಇಟ್ಟುಕೊಂಡ ಊರಿನಿಂದ ನಿಂತು ನಾವು ಇಂದು ಕೇಳುವುದು ಇಷ್ಟೇ: ಕನ್ನಡದ ಜ್ಞಾನದ ಬಾಗಿಲಿಗೆ ಕನ್ನಡದ ತೋರಣ ಯಾವಾಗ?

ಒಂದು ಪುಟಕ್ಕೆ ಇಷ್ಟು ಗಲಾಟೆಯೇ?

ನಿಮ್ಮಲ್ಲಿ ಕೆಲವರು ನಗಬಹುದು. ಗಡಿ ಇದೆ, ನದಿ ನೀರು ಇದೆ, ಉದ್ಯೋಗ ಇದೆ, ಬೋರ್ಡು ಇದೆ. ಅದೆಲ್ಲ ಬಿಟ್ಟು ಇವರು ಅಬ್‌ಸ್ಟ್ರ್ಯಾಕ್ಟಿನ ಹಿಂದೆ ಬಿದ್ದರಲ್ಲ ಎನ್ನಬಹುದು. ನಗುವ ಮೊದಲು ಒಂದು ಮಾತು ಕೇಳಿ. ಇಂದು ಯಾರೂ ಮಹಾಪ್ರಬಂಧವನ್ನು ಮೊದಲ ಪುಟದಿಂದ ಓದಲು ಶುರುಮಾಡುವುದಿಲ್ಲ. ಮೊದಲು ಸಾರ ಓದುತ್ತಾರೆ. ಬೇಕೆನಿಸಿದರೆ ಮಾತ್ರ ಒಳಗೆ ಹೋಗುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮ ಬಂದಮೇಲೆ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಕೊಡಬೇಕಾಗಿದೆ. ಅವು ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಭಂಡಾರಕ್ಕೆ ಸೇರುತ್ತಿವೆ. ಲಕ್ಷಗಟ್ಟಲೆ ಪ್ರಬಂಧಗಳ ಆ ರಾಶಿಯಲ್ಲಿ ನಿಮ್ಮ ಪ್ರಬಂಧ ಸಿಗಬೇಕಾದರೆ ಅದರ ಹೆಸರು, ಅದರ ಸಾರ, ಅದರ ಮುಖ್ಯ ಪದಗಳು ಸಿಗಬೇಕು. ಹುಡುಕುವ ಯಂತ್ರಕ್ಕೆ ಕಾಣುವುದು ಅವೇ. ಅಲ್ಲಿ ಕನ್ನಡ ಇಲ್ಲದಿದ್ದರೆ, ಕನ್ನಡದಲ್ಲಿ ಹುಡುಕುವ ಹುಡುಗನಿಗೆ ಕನ್ನಡದ ಪ್ರಬಂಧವೇ ಸಿಗುವುದಿಲ್ಲ!

ಕಂಪ್ಲಿಯ ಕಡೆ ಕಬ್ಬು ಬೆಳೆಯುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಗಾಣದಿಂದ ರಸ ಒಂದು ಕಡೆ ಹರಿಯುತ್ತದೆ, ಹಿಪ್ಪೆ ಇನ್ನೊಂದು ಕಡೆ ಬೀಳುತ್ತದೆ. ನಾಲ್ಕೈದು ವರ್ಷ ಬೆವರು ಸುರಿಸಿ ಕನ್ನಡದಲ್ಲಿ ಬರೆದ ಪ್ರಬಂಧದ ರಸ ಇಂಗ್ಲಿಷಿನ ಕೊಡಕ್ಕೆ ಹೋಗಿ, ಉಳಿದದ್ದು ಕನ್ನಡದ ಕಪಾಟಿನಲ್ಲಿ ಧೂಳು ತಿನ್ನುವುದಾದರೆ ಅದನ್ನು ಏನೆಂದು ಕರೆಯೋಣ?

ಐದು ಪ್ರಶ್ನೆಗಳು

ಹಾಗಾದರೆ ಸಾರ ಎಂದರೇನು? ಇದಕ್ಕೆ ಕನ್ನಡದಲ್ಲಿ ಇನ್ನೂ ಒಂದು ಒಪ್ಪಿದ ಹೆಸರಿಲ್ಲ. ಕೆಲವರು ಸಾರಾಂಶ ಎನ್ನುತ್ತಾರೆ, ಕೆಲವರು ಸಾರಲೇಖ ಎನ್ನುತ್ತಾರೆ. ನಾವು ಇಲ್ಲಿ ಸಾರಲೇಖ ಎಂದೇ ಕರೆಯುತ್ತೇವೆ. ಹೆಸರು ಏನಾದರೂ ಇರಲಿ, ಅದರೊಳಗೆ ಏನಿರಬೇಕು ಎಂಬುದನ್ನು ಲೋಕದ ವಿದ್ವಾಂಸರು ಕೂತು ಲೆಕ್ಕ ಹಾಕಿದ್ದಾರೆ.

ಭಾಷಾವಿಜ್ಞಾನದಲ್ಲಿ ಅನ್ವಯಿಕ ಭಾಷಾವಿಜ್ಞಾನ ಎಂಬ ಒಂದು ಕವಲಿದೆ. ಭಾಷೆ ಕಲಿಸುವುದು, ಅನುವಾದ ಮಾಡುವುದು, ನಿಘಂಟು ಕಟ್ಟುವುದು, ಕಚೇರಿಯ ಭಾಷೆ ರೂಪಿಸುವುದು ಇವೆಲ್ಲ ಅದರ ಕೆಲಸ. ನಮ್ಮ ಮೈಸೂರಿನಲ್ಲೇ 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನ ಈ ಕೆಲಸ ಮಾಡುತ್ತಾ ಬಂದಿದೆ. ಈ ಕವಲಿನವರು ತಮ್ಮ ಬರಹವನ್ನೇ ತಾವು ಭೂತಗನ್ನಡಿ ಹಿಡಿದು ನೋಡಿದರು. ಜಾನ್ ಸ್ವೇಲ್ಸ್ ಎಂಬ ವಿದ್ವಾಂಸರು 1990ರಲ್ಲಿ ಬರೆದ ಗ್ರಂಥದಲ್ಲಿ ಸಂಶೋಧನಾ ಬರಹಕ್ಕೆ ಒಂದು ನಡೆ ಇದೆ ಎಂದು ತೋರಿಸಿದರು. ಚದುರಂಗದ ಕಾಯಿ ನಡೆಸಿದ ಹಾಗೆ, ಬರೆಯುವವರು ಒಂದಾದ ಮೇಲೆ ಒಂದು ನಡೆ ಇಡುತ್ತಾರೆ. ಮೊದಲು ವಿಷಯದ ಹೊಲ ತೋರಿಸುತ್ತಾರೆ. ಆಮೇಲೆ ಆ ಹೊಲದಲ್ಲಿ ಉಳುಮೆಯಾಗದೆ ಬಿದ್ದ ತುಂಡನ್ನು ತೋರಿಸುತ್ತಾರೆ. ಕೊನೆಗೆ ಈ ತುಂಡನ್ನು ನಾನು ಉಳುತ್ತೇನೆ ಎನ್ನುತ್ತಾರೆ. ಸ್ವೇಲ್ಸ್ ಇದನ್ನು ಹೇಳಿದ್ದು ಪೀಠಿಕೆಗಳ ಬಗ್ಗೆ.

1996ರಲ್ಲಿ ಸಾಂತೋಸ್ ಎಂಬ ಸಂಶೋಧಕ ಅನ್ವಯಿಕ ಭಾಷಾವಿಜ್ಞಾನದ ಪತ್ರಿಕೆಗಳಲ್ಲಿ ಬಂದ 94 ಸಾರಲೇಖಗಳನ್ನು ಬಿಡಿಸಿ ನೋಡಿದರು. ಅವುಗಳಲ್ಲಿ ಐದು ನಡೆಗಳ ಒಂದು ಮಾದರಿ ಕಂಡಿತು. 2000ದಲ್ಲಿ ಕೆನ್ ಹೈಲ್ಯಾಂಡ್ ಎಂಟು ಶಾಸ್ತ್ರಗಳ 800 ಸಾರಲೇಖಗಳನ್ನು ಹೋಲಿಸಿದರು. ಅವರಿಗೂ ಐದೇ ನಡೆ ಸಿಕ್ಕವು. ಇವರ ಪರಿಭಾಷೆಯನ್ನು ಪಕ್ಕಕ್ಕಿಟ್ಟು ನಮ್ಮ ಮಾತಿನಲ್ಲಿ ಹೇಳಿದರೆ ಅವು ಐದು ಪ್ರಶ್ನೆಗಳು:

ಈ ವಿಷಯ ಯಾಕೆ ಬೇಕು? ನಾನು ಕೇಳಿದ ಪ್ರಶ್ನೆ ಯಾವುದು? ಉತ್ತರಕ್ಕಾಗಿ ಏನು ಮಾಡಿದೆ? ಏನು ಸಿಕ್ಕಿತು? ಸಿಕ್ಕಿದ್ದರಿಂದ ಯಾರಿಗೆ ಏನು?

ಇಷ್ಟೇ. ಇದರಲ್ಲಿ ಮಂತ್ರವೂ ಇಲ್ಲ, ತಂತ್ರವೂ ಇಲ್ಲ. ಎಲ್ಲ ಸಾರಲೇಖದಲ್ಲೂ ಐದೂ ಇರಬೇಕೆಂದಿಲ್ಲ. ಆದರೆ ಹೈಲ್ಯಾಂಡ್ ನೋಡಿದವುಗಳಲ್ಲಿ ಬಹುಪಾಲು ಬಿಡದೆ ಇಟ್ಟುಕೊಂಡದ್ದು ನಾಲ್ಕನೆಯದನ್ನು. ಏನು ಸಿಕ್ಕಿತು ಎಂಬುದನ್ನು! ಇದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

'ಲಾಗಿದೆ' ಎಂಬ ರೋಗ

ಈಗ ನಮ್ಮ ಮನೆಯ ಕಡೆ ನೋಡೋಣ. ಬೇರೆಯವರನ್ನು ಬೈಯುವುದು ಸುಲಭ. ಕನ್ನಡದಲ್ಲೇ ಸಾರಲೇಖ ಬರೆಯಿರಿ ಎಂದು ಯಾರಾದರೂ ಕೇಳಿದಾಗ ನಾವು ಏನು ಬರೆಯುತ್ತೇವೆ? ತೋರಣಗಲ್ಲಿನಂಥ ಊರಿನ ಶಾಲಾ ಮಕ್ಕಳ ಕನ್ನಡದ ಬಗ್ಗೆ ಒಬ್ಬ ಅಧ್ಯಯನ ಮಾಡಿದ ಎಂದು ಇಟ್ಟುಕೊಳ್ಳಿ. ಅವನ ಸಾರಲೇಖ ಹೀಗಿರುತ್ತದೆ:

"ಭಾರತವು ಬಹುಭಾಷಿಕ ರಾಷ್ಟ್ರವಾಗಿದೆ. ಭಾಷೆಯು ಸಂಸ್ಕೃತಿಯ ವಾಹಕವಾಗಿದೆ. ಕನ್ನಡಕ್ಕೆ ಎರಡು ಸಾವಿರ ವರ್ಷಗಳ ಭವ್ಯ ಪರಂಪರೆಯಿದೆ. ಪ್ರಸ್ತುತ ಅಧ್ಯಯನದಲ್ಲಿ ಕೈಗಾರಿಕಾ ಪ್ರದೇಶದ ಶಾಲಾ ಮಕ್ಕಳ ಭಾಷಾ ಕಲಿಕೆಯ ವಿವಿಧ ಆಯಾಮಗಳನ್ನು ಸಮಗ್ರವಾಗಿ ಅವಲೋಕಿಸಲು ಪ್ರಯತ್ನಿಸಲಾಗಿದೆ. ಮೊದಲ ಅಧ್ಯಾಯದಲ್ಲಿ ಪ್ರಸ್ತಾವನೆಯನ್ನು ನೀಡಲಾಗಿದೆ. ಎರಡನೆಯ ಅಧ್ಯಾಯದಲ್ಲಿ ಪೂರ್ವಾಧ್ಯಯನಗಳನ್ನು ಪರಿಶೀಲಿಸಲಾಗಿದೆ. ಮೂರನೆಯ ಅಧ್ಯಾಯದಲ್ಲಿ ಮಾಹಿತಿಯನ್ನು ವಿಶ್ಲೇಷಿಸಲಾಗಿದೆ. ಕೊನೆಯಲ್ಲಿ ಫಲಿತಗಳನ್ನು ಕ್ರೋಡೀಕರಿಸಲಾಗಿದೆ."

ಓದಿದಿರಲ್ಲ? ಏನು ತಿಳಿಯಿತು? ನೀಡಲಾಗಿದೆ, ಪರಿಶೀಲಿಸಲಾಗಿದೆ, ವಿಶ್ಲೇಷಿಸಲಾಗಿದೆ, ಕ್ರೋಡೀಕರಿಸಲಾಗಿದೆ! ಯಾರು ಮಾಡಿದರು? ಎಲ್ಲಿ ಮಾಡಿದರು? ಎಷ್ಟು ಮಕ್ಕಳನ್ನು ನೋಡಿದರು? ಏನು ಸಿಕ್ಕಿತು? ಒಂದಕ್ಕೂ ಉತ್ತರವಿಲ್ಲ. ಮದುವೆಗೆ ಕರೆದವರು ಮೆನು ಓದಿ ಹೇಳಿ ಕಳಿಸಿದ ಹಾಗೆ. ಎಲೆಗೆ ಅನ್ನ ಬೀಳಲೇ ಇಲ್ಲ. ಸಾರಲೇಖದಲ್ಲಿ ಎರಡು ಜಾತಿ ಎಂದು ಬಲ್ಲವರು ಹೇಳುತ್ತಾರೆ. ಒಂದು, ಒಳಗೆ ಯಾವ್ಯಾವ ವಿಷಯ ಇದೆ ಎಂದು ಪಟ್ಟಿ ಕೊಡುವುದು. ಇನ್ನೊಂದು, ಏನು ಕಂಡುಬಂತು ಎಂದು ಹೇಳಿಯೇ ಬಿಡುವುದು. ನಾವು ಮೊದಲನೆಯದರಲ್ಲಿ ಪಳಗಿದ್ದೇವೆ. ಓದುಗನಿಗೆ ಬೇಕಾದದ್ದು ಎರಡನೆಯದು.

ಇದೇ ಅಧ್ಯಯನ, ಇದೇ ಹುಡುಗ. ಐದು ಪ್ರಶ್ನೆ ಕೇಳಿಕೊಂಡು ಬರೆದರೆ ಹೇಗಿರುತ್ತಿತ್ತು? ಇಂಥ ಅಧ್ಯಯನ ನಡೆದಿದೆ ಎಂದು ನಾವು ಹೇಳುತ್ತಿಲ್ಲ, ಕೆಳಗಿನದು ನಮೂನೆ ಮಾತ್ರ:

"ಕಾರ್ಖಾನೆ ಊರುಗಳಿಗೆ ಬೇರೆ ರಾಜ್ಯಗಳಿಂದ ದುಡಿಯಲು ಬಂದವರ ಮಕ್ಕಳು ಕನ್ನಡ ಮಾಧ್ಯಮದ ಶಾಲೆಗೆ ಸೇರುತ್ತಿದ್ದಾರೆ. ಅವರು ಆಡುವ ಕನ್ನಡದ ಬಗ್ಗೆ ಚರ್ಚೆ ಆಗಿದೆ, ಬರೆಯುವ ಕನ್ನಡದ ಬಗ್ಗೆ ಆಗಿಲ್ಲ. ಮನೆಯಲ್ಲಿ ಒಡಿಯಾ ಆಡುವ ಮಗು ಕನ್ನಡ ಬರೆಯುವಾಗ ಎಲ್ಲಿ ಎಡವುತ್ತದೆ ಎಂಬುದು ನನ್ನ ಪ್ರಶ್ನೆ. ಎರಡು ಶಾಲೆಗಳ ಐದನೇ ತರಗತಿಯ ಮಕ್ಕಳು ಒಂದು ವರ್ಷ ಬರೆದ ನೋಟುಬುಕ್ಕುಗಳನ್ನು ಓದಿದೆ. ಅವರ ಶಿಕ್ಷಕರನ್ನು ಮಾತಾಡಿಸಿದೆ. ಹೆಚ್ಚಿನ ತಪ್ಪುಗಳು ಒತ್ತಕ್ಷರದಲ್ಲಿ ಇರಲಿಲ್ಲ, ವಿಭಕ್ತಿ ಪ್ರತ್ಯಯದಲ್ಲಿ ಇದ್ದವು. ಆದ್ದರಿಂದ ಇಂಥ ಮಕ್ಕಳಿಗೆ ಕಾಪಿ ಬರೆಸುವುದಕ್ಕಿಂತ ಪ್ರತ್ಯಯ ಬಳಸಿ ಮಾತು ಕಟ್ಟಿಸುವ ಪಾಠ ಹೆಚ್ಚು ನೆರವಾಗಬಹುದು."

ಈಗ ಹೇಳಿ, ಯಾವುದು ಕನ್ನಡ? ಎರಡನೆಯದನ್ನು ತೋರಣಗಲ್ಲಿನ ಶಾಲೆಯ ಮೇಷ್ಟ್ರು ಓದಿದರೆ ನಾಳೆ ಬೆಳಿಗ್ಗೆಯೇ ಪಾಠ ಬದಲಿಸಬಹುದು. ಮೊದಲನೆಯದನ್ನು ಓದಿದರೆ? ಆಕಳಿಸಬಹುದು!

ಕನ್ನಡದ ಮೈಕಟ್ಟು ಬೇರೆ

ಮಾತಿನ ಕಟ್ಟಿನ ಬಗ್ಗೆಯೂ ನಾಲ್ಕು ಮಾತು ಹೇಳಲೇಬೇಕು. ಯಾಕೆಂದರೆ ನಮ್ಮ ಸಾರಲೇಖಗಳು ಕನ್ನಡ ಲಿಪಿಯಲ್ಲಿ ಬರೆದ ಇಂಗ್ಲಿಷ್ ಆಗುತ್ತಿವೆ.

ಮೊದಲನೆಯದು, ಕ್ರಿಯಾಪದ. ಇಂಗ್ಲಿಷಿನಲ್ಲಿ ಅದು ಬೇಗ ಬರುತ್ತದೆ. ಆಮೇಲೆ ಎಷ್ಟು ಉದ್ದ ಎಳೆದರೂ ಓದುವವನಿಗೆ ದಾರಿ ತಪ್ಪುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಮೂವತ್ತು ಪದದ ವಾಕ್ಯ ಬರೆದರೆ ಓದುವವನು ಇಪ್ಪತ್ತೊಂಬತ್ತು ಪದ ತಲೆಯ ಮೇಲೆ ಹೊತ್ತು ಕೊನೆಯ ಪದಕ್ಕಾಗಿ ಕಾಯಬೇಕು. ಇಂಗ್ಲಿಷಿನ ಉದ್ದದ ವಾಕ್ಯವನ್ನು ಹಾಗೇ ಎತ್ತಿ ಕನ್ನಡಕ್ಕೆ ಇಳಿಸಿದರೆ ಆಗುವ ಅನಾಹುತ ಇದೇ. ಕನ್ನಡದ ಸಾರಲೇಖಕ್ಕೆ ಚಿಕ್ಕ ವಾಕ್ಯ ಬೇಕು. ಒಂದು ವಾಕ್ಯಕ್ಕೆ ಒಂದು ಸಂಗತಿ ಸಾಕು.

ಎರಡನೆಯದು, ಮಾಡಿದವರು ಯಾರು ಎಂಬುದು. "ಈ ಪ್ರಬಂಧವು ವಾದಿಸುತ್ತದೆ, ಈ ಲೇಖನವು ಅನ್ವೇಷಿಸುತ್ತದೆ" ಎಂದು ಬರೆಯುತ್ತೇವೆ. ಕಾಗದ ಎಲ್ಲಿ ವಾದಿಸುತ್ತದೆ ಸ್ವಾಮಿ? ವಾದಿಸುವವರು ನೀವು. ಕನ್ನಡದಲ್ಲಿ ಕೇಳಿದೆ, ನೋಡಿದೆ, ಎಣಿಸಿದೆ ಎಂದರೆ ಸಾಕು. ನಾನು ಎಂಬ ಪದ ಕೂಡ ಬೇಕಾಗಿಲ್ಲ, ಕ್ರಿಯಾಪದದೊಳಗೇ ಕೂತಿರುತ್ತದೆ. ಈ ಅನುಕೂಲ ಇಂಗ್ಲಿಷಿಗೆ ಇಲ್ಲ. ಇರುವ ನಾವು ಅದನ್ನು ಬಿಟ್ಟು 'ಲಾಗಿದೆ'ಯ ಹಿಂದೆ ಅಡಗುತ್ತೇವೆ. ಅಡಗುವವನಿಗೆ ಹೊಣೆ ಬೇಡ ಎಂದೇ ಅರ್ಥ.

ಮೂರನೆಯದು, ಎಷ್ಟು ಗಟ್ಟಿಯಾಗಿ ಹೇಳಬೇಕು ಎಂಬುದು. ಕಂಡದ್ದನ್ನು ಕಂಡಿತು ಎನ್ನಬೇಕು. ಊಹಿಸಿದ್ದನ್ನು ಇರಬಹುದು, ತೋರುತ್ತದೆ ಎನ್ನಬೇಕು. ಅನ್ವಯಿಕ ಭಾಷಾವಿಜ್ಞಾನದವರು ಇದನ್ನು ಬಹಳ ಎಚ್ಚರದಿಂದ ಮಾಡುತ್ತಾರೆ. ಮೇಲಿನ ನಮೂನೆಯಲ್ಲಿ ತಪ್ಪುಗಳು ಎಲ್ಲಿದ್ದವು ಎಂಬುದಕ್ಕೆ ಇದ್ದವು ಎಂದಿದೆ. ಪಾಠದಿಂದ ಏನಾಗುತ್ತದೆ ಎಂಬುದಕ್ಕೆ ನೆರವಾಗಬಹುದು ಎಂದಿದೆ. ಆ ಬಹುದು ಹೇಡಿತನವಲ್ಲ, ಪ್ರಾಮಾಣಿಕತೆ. ನಮ್ಮಲ್ಲಿ ಇದು ಉಲ್ಟಾ ನಡೆಯುತ್ತದೆ. ಮಾಡಿದ ಕೆಲಸಕ್ಕೆ ಅಲ್ಪ ಪ್ರಯತ್ನ, ಕಿರು ಯತ್ನ ಎಂಬ ಸುಳ್ಳು ವಿನಯ. ಸಾಬೀತಾಗದ ಮಾತಿಗೆ ನಿಸ್ಸಂಶಯವಾಗಿ, ನಿರ್ವಿವಾದವಾಗಿ ಎಂಬ ಸುಳ್ಳು ಧೈರ್ಯ.

ನಾಲ್ಕನೆಯದು, ಪದ. ಪಾರಿಭಾಷಿಕ ಪದ ಬೇಕಾದ ಕಡೆ ಬೇಕು. ವಿಭಕ್ತಿ ಎನ್ನಲೇಬೇಕಾದ ಕಡೆ ವಿಭಕ್ತಿ ಎನ್ನಿ. ಆದರೆ ನೋಡಿದೆ ಎಂಬುದಕ್ಕೆ ಅವಲೋಕನಗೈಯಲಾಯಿತು ಎಂದು ಬರೆದರೆ ಅದು ಪಾಂಡಿತ್ಯವಲ್ಲ, ಶಬ್ದಗಳ ಮೆರವಣಿಗೆ. ಬರಹದ ಕನ್ನಡ ಓದುಗನಿಂದ ಯಾಕೆ ದೂರವಾಯಿತು ಎಂದು ಡಿ.ಎನ್. ಶಂಕರ ಭಟ್ಟರು ವರ್ಷಗಟ್ಟಲೆ ಕೇಳಿದರು. 2000ದಲ್ಲಿ ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ ಎಂದು ಪುಸ್ತಕವನ್ನೇ ಬರೆದರು. ಅವರ ಎಲ್ಲ ಮಾತನ್ನೂ ನೀವು ಒಪ್ಪಬೇಕಾಗಿಲ್ಲ. ಅವರು ಕೇಳಿದ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ.

ಇದು ನಮಗೆ ಹೊಸದೇ?

ಸಾರಲೇಖ ಪಶ್ಚಿಮದ ಸರಕು, ನಮಗೆ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ಅವರನ್ನು ಹಂಪಿಗೆ ಕರೆದುಕೊಂಡು ಹೋಗಿ ಒಂದು ದಾನಶಾಸನದ ಮುಂದೆ ನಿಲ್ಲಿಸಿ. ಮೊದಲು ಶುಭಾರಂಭದ ಮಾತು. ಆಮೇಲೆ ಶಕವರ್ಷ, ತಿಥಿ. ಆಳುತ್ತಿದ್ದ ರಾಜ ಯಾರು. ಕೊಟ್ಟವರು ಯಾರು, ಪಡೆದವರು ಯಾರು. ಕೊಟ್ಟದ್ದು ಏನು, ಅದರ ನಾಲ್ಕು ದಿಕ್ಕಿನ ಎಲ್ಲೆ ಯಾವುದು. ಕೊನೆಗೆ ಇದನ್ನು ಕೆಡಿಸಿದವನಿಗೆ ಶಾಪ. ಹೆಚ್ಚಿನ ದಾನಶಾಸನಗಳು ಈ ದಾರಿಯಲ್ಲೇ ನಡೆಯುತ್ತವೆ. ಕಲ್ಲಿನಲ್ಲಿ ಜಾಗ ಕಡಿಮೆ, ಕೆತ್ತುವ ಶ್ರಮ ಹೆಚ್ಚು. ಆದ್ದರಿಂದ ಬೇಕಾದ್ದು ಬಿಟ್ಟುಹೋಗಬಾರದು. ಎಲ್ಲೆ ಹೇಳದ ದಾನಶಾಸನ ಜಗಳಕ್ಕೆ ದಾರಿ. ಫಲಿತ ಹೇಳದ ಸಾರಲೇಖವೂ ಅಷ್ಟೇ.

ಇನ್ನು ಶಾಸ್ತ್ರಗ್ರಂಥಕ್ಕೆ ಬನ್ನಿ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣ ಬರೆದಾಗ ಮಾಡಿದ್ದೇನು? ನಿಯಮವನ್ನು ಒಂದು ಕಂದಪದ್ಯದಲ್ಲಿ ಸೂತ್ರವಾಗಿ ಹೇಳಿದ. ಆಮೇಲೆ ವೃತ್ತಿಯಲ್ಲಿ ಬಿಡಿಸಿದ. ಆಮೇಲೆ ಹಿಂದಿನ ಕವಿಗಳಿಂದ ಪ್ರಯೋಗ ತೋರಿಸಿದ. ಮೊದಲು ಸಾರ, ಆಮೇಲೆ ವಿವರ, ಆಮೇಲೆ ಸಾಕ್ಷಿ! ಅದೂ ಕನ್ನಡದಲ್ಲೇ. ಆದರೆ 1604ರಲ್ಲಿ ಭಟ್ಟಾಕಳಂಕ ಕನ್ನಡಕ್ಕೆ ವ್ಯಾಕರಣ ಬರೆದಾಗ 592 ಸೂತ್ರಗಳನ್ನು ಸಂಸ್ಕೃತದಲ್ಲಿ ಬರೆದ. ಕನ್ನಡದ ಹಿರಿಮೆಯನ್ನು ಆ ಕಾಲದ ಪಂಡಿತರ ಭಾಷೆಯಲ್ಲಿ ಸಾರಬೇಕು ಎಂಬುದು ಅವನ ಆಸೆ. ಅದನ್ನು ನಾವು ಗೌರವಿಸೋಣ. ಆದರೆ ಪರಿಣಾಮ? ಕನ್ನಡದ ವ್ಯಾಕರಣ ತಿಳಿಯಲು ಕನ್ನಡಿಗನೇ ಸಂಸ್ಕೃತ ಕಲಿಯಬೇಕಾಯಿತು. ಇಂದು ಸಂಸ್ಕೃತದ ಜಾಗದಲ್ಲಿ ಇಂಗ್ಲಿಷ್ ಕೂತಿದೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಇಂಗ್ಲಿಷ್ ಬೇಡವೇ?

ಬೇಡ ಎಂದವರು ಯಾರು? ಹೊರಗಿನ ಲೋಕಕ್ಕೆ ನಮ್ಮ ಕೆಲಸ ತಿಳಿಯಬೇಕು. ಅದಕ್ಕೆ ಇಂಗ್ಲಿಷ್ ಸಾರ ಇರಲಿ. ನಾವು ಹೇಳುವುದು, ಮೊದಲು ಕನ್ನಡ, ಪಕ್ಕದಲ್ಲಿ ಇಂಗ್ಲಿಷ್. ಇದು ಆಗದ ಮಾತಲ್ಲ. ಬ್ರೆಜಿಲಿನವರನ್ನು ನೋಡಿ. ಅಲ್ಲಿ 1990ರ ದಶಕದ ಕೊನೆಗೆ ಶುರುವಾದ ಸೈಲೋ ಎಂಬ ಪತ್ರಿಕಾ ಭಂಡಾರ ಇದೆ. ಪೋರ್ಚುಗೀಸಿನಲ್ಲಿ ಬಂದ ಲೇಖನಕ್ಕೆ ಪೋರ್ಚುಗೀಸಿನ ಸಾರವೂ ಇರುತ್ತದೆ, ಇಂಗ್ಲಿಷಿನ ಸಾರವೂ ಇರುತ್ತದೆ. ಎರಡೂ ಒಂದೇ ಪುಟದಲ್ಲಿ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದಿಂದ ನಡೆಯುವ ಓಯಸಿಸ್ ಎಂಬ ಯೋಜನೆ ಭಾಷಾ ಸಂಶೋಧನೆಗಳನ್ನು ಶಿಕ್ಷಕರಿಗೂ ಅರ್ಥವಾಗುವಂತೆ ಒಂದು ಪುಟದ ಸರಳ ಸಾರವಾಗಿ ಬರೆಸಿ ಹಂಚುತ್ತಿದೆ. 2019ರಲ್ಲಿ ಹೆಲ್ಸಿಂಕಿಯಿಂದ ಹೊರಟ ಘೋಷಣೆಯೊಂದು, ಸಂಶೋಧನೆ ಆಯಾ ನಾಡಿನ ಭಾಷೆಗಳಲ್ಲೂ ಹರಡಬೇಕು ಎಂದು ಲೋಕದ ವಿದ್ವಾಂಸರಿಗೆ ಕರೆ ಕೊಟ್ಟಿತು. ಲೋಕ ಆ ಕಡೆ ಹೊರಟಿದೆ. ನಾವು ಮಾತ್ರ ಇಂಗ್ಲಿಷಿನ ಒಂದು ಪುಟಕ್ಕೆ ಕೈಕಟ್ಟಿ ನಿಂತಿದ್ದೇವೆ.

ಮತ್ತೆ ಆ ಹತ್ತು ಪುಟಕ್ಕೆ

ಈಗ ತೋರಣಗಲ್ಲಿನ ಚಪ್ಪರದ ಕೆಳಗೆ ಮತ್ತೆ ಬನ್ನಿ. ವಿಶ್ವವಿದ್ಯಾಲಯದ ಕೋಣೆಯಲ್ಲಿ ಹುಟ್ಟಿದ 'ಲಾಗಿದೆ' ಅಲ್ಲೇ ಉಳಿಯುವುದಿಲ್ಲ. ಅದೇ ಕನ್ನಡ ಕಲಿತವರು ನಾಳೆ ಅನುವಾದಕರಾಗುತ್ತಾರೆ, ಅಧಿಕಾರಿಗಳಾಗುತ್ತಾರೆ. ಅಹವಾಲು ಸಭೆಯ ಸಾರಾಂಶವನ್ನು ಅವರೇ ಬರೆಯುತ್ತಾರೆ. ಆಗ 'ಲಾಗಿದೆ'ಯ ತಮ್ಮ 'ಲಾಗುವುದು' ಹುಟ್ಟುತ್ತಾನೆ. "ಸೂಕ್ತ ಕ್ರಮಗಳನ್ನು ಕೈಗೊಳ್ಳಲಾಗುವುದು. ಪರಿಣಾಮವು ನಗಣ್ಯವಾಗಿರುವುದು. ಹಸಿರು ಪಟ್ಟಿಯನ್ನು ಅಭಿವೃದ್ಧಿಪಡಿಸಲಾಗುವುದು." ಯಾರು? ಯಾವಾಗ? ಎಷ್ಟು? ನಗಣ್ಯ ಎಂದರೆ ಯಾರ ಲೆಕ್ಕದಲ್ಲಿ ನಗಣ್ಯ? ಉಸಿರಾಡುವವನ ಲೆಕ್ಕದಲ್ಲೋ, ಬರೆದವನ ಲೆಕ್ಕದಲ್ಲೋ?

ಅಧಿಸೂಚನೆ ಆ ಸಾರಾಂಶದಲ್ಲಿ ಏನೇನು ಇರಬೇಕೆಂದು ಹೇಳಿದೆ. ಯೋಜನೆ ಯಾವುದು, ಅಲ್ಲಿಯ ಪರಿಸರ ಈಗ ಹೇಗಿದೆ, ಏನು ಪೆಟ್ಟು ಬೀಳಬಹುದು, ಅದನ್ನು ತಡೆಯಲು ಏನು ಮಾಡುತ್ತಾರೆ, ಹೇಗೆ ಕಣ್ಣಿಡುತ್ತಾರೆ, ಲಾಭ ಏನು. ನೋಡಿ, ಇದು ಕೂಡ ನಡೆಗಳ ಪಟ್ಟಿಯೇ! ಸಭೆ ಮುಗಿಯುವ ಹೊತ್ತಿಗೆ ಇನ್ನೊಂದು ಸಾರ ಹುಟ್ಟಬೇಕು. ಜನ ಹೇಳಿದ್ದನ್ನೆಲ್ಲ ಬರೆದುಕೊಂಡು, ಅದನ್ನು ಅಲ್ಲೇ ಜನರ ಭಾಷೆಯಲ್ಲಿ ಓದಿ ಹೇಳಬೇಕು ಎಂದು ಅದೇ ಅಧಿಸೂಚನೆ ಹೇಳುತ್ತದೆ. ಎಷ್ಟು ಜನ ಕೊನೆಯವರೆಗೆ ಕೂತು ಅದನ್ನು ಕೇಳಿಸಿಕೊಳ್ಳುತ್ತೇವೆ? ನಾನು ಹೇಳಿದ ಮಾತು ಇದರಲ್ಲಿ ಇಲ್ಲವಲ್ಲ ಎಂದು ಎದ್ದು ನಿಂತವರು ಎಷ್ಟು?

ಭಾಷೆಯ ಈ ಹಕ್ಕಿಗೆ ನ್ಯಾಯಾಲಯಗಳೂ ಕಿವಿಗೊಟ್ಟಿವೆ. 2020ರಲ್ಲಿ ಕೇಂದ್ರ ಸರ್ಕಾರ ಈ ಅಧಿಸೂಚನೆಯ ಜಾಗಕ್ಕೆ ಹೊಸ ಕರಡು ತಂದಿತು. ಆ ಕರಡು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬಂತು. ಉಳಿದ ಭಾಷೆಯವರ ಗತಿ? 2020ರ ಜೂನ್ 30ರಂದು ದೆಹಲಿ ಹೈಕೋರ್ಟ್, ಸಂವಿಧಾನದ ಎಂಟನೆಯ ಪರಿಚ್ಛೇದದ ಎಲ್ಲ 22 ಭಾಷೆಗಳಿಗೂ ಕರಡನ್ನು ಅನುವಾದಿಸಿ ಎಂದು ಆದೇಶಿಸಿತು. ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು. ನನಗೆ ತಿಳಿಯುವ ಭಾಷೆಯಲ್ಲಿ ಹೇಳಿ ಎಂದು ಕೇಳುವುದು ಭಿಕ್ಷೆಯಲ್ಲ, ಹಕ್ಕು. ಆದರೆ ಒಂದನ್ನು ಮರೆಯಬೇಡಿ. ನ್ಯಾಯಾಲಯ ಕನ್ನಡ ಕೊಡಿಸಬಹುದು, ಅರ್ಥವಾಗುವ ಕನ್ನಡ ಕೊಡಿಸಲಾರದು. ಆ ಕೆಲಸ ನಮ್ಮದು.

ನಮ್ಮ ಬೇಡಿಕೆ, ನಿಮ್ಮ ಕೆಲಸ

1. ಕನ್ನಡದಲ್ಲಿ ಬರೆದ ಪ್ರತಿಯೊಂದು ಪ್ರಬಂಧಕ್ಕೂ ಮೊದಲು ಕನ್ನಡದ ಸಾರಲೇಖ ಇರಬೇಕು. ಇಂಗ್ಲಿಷ್ ಸಾರ ಅದರಿಂದ ಹುಟ್ಟಬೇಕು, ಅದು ಇಂಗ್ಲಿಷಿನಿಂದ ಹುಟ್ಟಬಾರದು.

2. ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ ಇಂಗ್ಲಿಷಿನಲ್ಲಿ ಕೊಡುವ ವಿಜ್ಞಾನ, ವೈದ್ಯ, ಕೃಷಿ, ತಂತ್ರಜ್ಞಾನದ ಪ್ರಬಂಧಗಳಿಗೂ ಒಂದು ಪುಟದ ಕನ್ನಡ ಸಾರ ಕಡ್ಡಾಯವಾಗಬೇಕು. ತುಂಗಭದ್ರೆಯ ನೀರಿನ ಬಗ್ಗೆ, ಸಂಡೂರಿನ ಗುಡ್ಡಗಳ ಬಗ್ಗೆ ಮಾಡಿದ ಅಧ್ಯಯನ ಆ ನೀರು ಕುಡಿಯುವವನಿಗೂ ತಿಳಿಯಬೇಕು.

3. ಪ್ರತಿಯೊಂದು ಸಾರಲೇಖದ ಕೆಳಗೂ ಕನ್ನಡದ ಮುಖ್ಯ ಪದಗಳು ಇರಬೇಕು. ಕನ್ನಡದಲ್ಲಿ ಹುಡುಕಿದವನಿಗೆ ಸಿಗಬೇಕು.

4. ಸಂಶೋಧನಾ ವಿದ್ಯಾರ್ಥಿಗಳಿಗೆ ಸಾರಲೇಖ ಬರೆಯುವುದನ್ನು ಪಾಠವಾಗಿ ಕಲಿಸಬೇಕು. ಕನ್ನಡದ ಒಳ್ಳೆಯ ನಮೂನೆಗಳನ್ನು ಅಚ್ಚು ಹಾಕಿಸಬೇಕು.

5. ಅಹವಾಲು ಸಭೆಯ ಕನ್ನಡ ಸಾರಾಂಶವನ್ನು ಸಭೆಗೆ ಮೊದಲೇ ಗ್ರಾಮ ಪಂಚಾಯಿತಿಯಲ್ಲಿ ಗಟ್ಟಿಯಾಗಿ ಓದಿ ಹೇಳಬೇಕು. ಕೇಳಿದವರಿಗೆ ಅರ್ಥವಾಗದ ವಾಕ್ಯವನ್ನು ತಿದ್ದಬೇಕು.

ಬೇಡಿಕೆ ಸರ್ಕಾರಕ್ಕೆ, ವಿಶ್ವವಿದ್ಯಾಲಯಗಳಿಗೆ. ಕೆಲಸ ಮಾತ್ರ ನಿಮಗೆ. ಎಂಜಿನಿಯರಿಂಗ್ ಓದುವ ಗೆಳೆಯರೇ, ಎಂ.ಎ. ಓದುವ ಗೆಳತಿಯರೇ, ನಿಮ್ಮ ಪ್ರಾಜೆಕ್ಟು ಇದೆಯಲ್ಲ? ಅದರ ಸಾರವನ್ನು ಇವತ್ತು ರಾತ್ರಿ ಹನ್ನೆರಡು ವಾಕ್ಯದಲ್ಲಿ ಕನ್ನಡದಲ್ಲಿ ಬರೆಯಿರಿ. ಐದು ಪ್ರಶ್ನೆಗೂ ಉತ್ತರ ಇದೆಯೇ ನೋಡಿ. 'ಲಾಗಿದೆ' ಕಂಡಲ್ಲೆಲ್ಲ ಗೀಟು ಹಾಕಿ. ಆಮೇಲೆ ಊರಿಗೆ ಹೋದಾಗ ನಿಮ್ಮ ಅಪ್ಪನಿಗೋ ಅವ್ವನಿಗೋ ಓದಿ ಹೇಳಿ. ಅವರು ಒಂದು ಪ್ರಶ್ನೆ ಕೇಳಿದರೆ ನೀವು ಗೆದ್ದಿರಿ. ಹೂಂ ಎಂದು ತಲೆಯಾಡಿಸಿ ಎದ್ದುಹೋದರೆ ಮತ್ತೆ ಬರೆಯಿರಿ.

1982ರ ಗೋಕಾಕ್ ಚಳವಳಿಯಲ್ಲಿ ನಿಮ್ಮ ಹಿರಿಯರು ಬೀದಿಗೆ ಇಳಿದರು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಜಾಗ ಕೇಳಿದರು. ಆ ಹೋರಾಟಕ್ಕೆ ಲಕ್ಷ ಜನ ಬೇಕಾಯಿತು. ಈ ಹೋರಾಟಕ್ಕೆ ಒಂದು ಹಾಳೆ, ಒಂದು ಪೆನ್ನು, ಕೊಂಚ ನಾಚಿಕೆ ಸಾಕು. ಬೀದಿಯಲ್ಲಿ ಗೆದ್ದ ಕನ್ನಡ ಹಾಳೆಯ ಮೇಲೆ ಸೋಲಬಾರದು.

ದುಡಿಮೆ ನಮ್ಮದು. ನೆಲ ನಮ್ಮದು. ಕಂಡುಕೊಂಡ ಅರಿವು ನಮ್ಮದು. ಅದರ ಸಾರವೂ ನಮ್ಮ ನುಡಿಯಲ್ಲೇ ಇರಲಿ!